ಬಾಯಿಗೆ ಬಂದ ಪದ್ಯ, ಬಾಯಿಪಾಠವಾದ ಅರ್ಥ

ನಮ್ಮ ಹುಡುಗರು ಉರು ಹೊಡೆಯುತ್ತಾರೆ, ಅರ್ಥ ಮಾಡಿಕೊಳ್ಳುವುದಿಲ್ಲ ಎಂಬುದು ಬಹಳ ಹಳೆಯ ದೂರು. ಎಷ್ಟು ಹಳೆಯದೆಂದರೆ, ಈ ದೂರನ್ನೂ ನಾವು ಈಗ ಉರು ಹೊಡೆದೇ ಒಪ್ಪಿಸುತ್ತಿದ್ದೇವೆ. ಶಾಲೆಯ ವಾರ್ಷಿಕೋತ್ಸವಕ್ಕೆ ಬಂದ ಮುಖ್ಯ ಅತಿಥಿಗಳು ಹೂವಿನ ಹಾರವನ್ನು ತೆಗೆದು ಮೇಜಿನ ಮೇಲಿಟ್ಟು ಆಡುವ ಮೊದಲ ಮಾತು ಇದು. ತಪ್ಪದೆ ಚಪ್ಪಾಳೆ ಬೀಳುವ ಮಾತೂ ಇದೇ. ಮರುದಿನ ಬೆಳಗ್ಗೆ ತರಗತಿಯ ಬಾಗಿಲಲ್ಲಿ ನಿಂತು ನೋಡಿದರೆ ಎಲ್ಲವೂ ಎಂದಿನಂತೆಯೇ ನಡೆದಿರುತ್ತದೆ. ಒಂದು ಮಾತನ್ನು ಎಲ್ಲರೂ ಒಪ್ಪಿ ಯಾರೂ ನಡೆಸದೆ ಹೋದರೆ, ಆ ಮಾತನ್ನು ನಾವು ಸರಿಯಾಗಿ ತಿಳಿದುಕೊಂಡೇ ಇಲ್ಲವೆಂದು ಅನುಮಾನಪಡಬೇಕಾಗುತ್ತದೆ.

ಆದ್ದರಿಂದ, ಈ ದೂರನ್ನು ಹೇಳಿದ ಕೆಲವು ಹಿರಿಯರು ನಿಜವಾಗಿ ಏನು ಹೇಳಿದರು, ಅವರು ಬೈದದ್ದು ಯಾವುದನ್ನು, ಬೈಯದೆ ಬಿಟ್ಟದ್ದು ಯಾವುದನ್ನು ಎಂದು ನೋಡುವುದು ಲೇಸು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಾಠ ಹೇಳಿದ ನನಗೆ ಈ ವಿಚಾರದಲ್ಲಿ ಒಂದು ಸ್ವಂತದ ಋಣವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ರವೀಂದ್ರನಾಥ ಠಾಕೂರರ ಗಿಳಿಯ ಕತೆ. 1918ರಲ್ಲಿ ಪ್ರಕಟವಾದ ಈ ಪುಟ್ಟ ಕತೆಯನ್ನು ಬಹಳ ಮಂದಿ ಓದುಗರು ಬಲ್ಲರು. ಒಬ್ಬ ರಾಜನಿಗೆ ಒಂದು ಹಕ್ಕಿ. ಅದು ಹಾಡುತ್ತದೆ, ಕುಣಿಯುತ್ತದೆ, ಆದರೆ ಶಾಸ್ತ್ರ ತಿಳಿಯದು. ಅದಕ್ಕೆ ವಿದ್ಯೆ ಕಲಿಸಿ ಎಂದು ಅಪ್ಪಣೆಯಾಗುತ್ತದೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ನಕಲು ಮಾಡುವವರು ಓಲೆಗಳ ರಾಶಿ ಹಾಕುತ್ತಾರೆ. ಎಲ್ಲರಿಗೂ ಸಂಬಳ, ಎಲ್ಲರಿಗೂ ಬಹುಮಾನ. ಪುಸ್ತಕದ ಹಾಳೆಗಳನ್ನು ಹಕ್ಕಿಯ ಗಂಟಲಿಗೆ ತುರುಕುತ್ತಾರೆ. ಹಾಡು ನಿಲ್ಲುತ್ತದೆ, ಒಂದು ದಿನ ಉಸಿರೂ ನಿಲ್ಲುತ್ತದೆ. ಕೊನೆಗೆ ರಾಜ ಆ ಹಕ್ಕಿಯನ್ನು ತರಿಸಿ ಬೆರಳಿನಿಂದ ಒತ್ತಿ ನೋಡಿದರೆ ಒಳಗಿನಿಂದ ಕೇಳಿಬರುವುದು ಒಣ ಹಾಳೆಗಳ ಸರಸರ ಸದ್ದು ಮಾತ್ರ.

ಈ ಕತೆಯನ್ನು ನಾವು ಬಾಯಿಪಾಠದ ಖಂಡನೆಯೆಂದು ಓದುವುದು ವಾಡಿಕೆ. ಆದರೆ ಕತೆಯ ಬಹುಭಾಗ ಹಕ್ಕಿಯ ವಿಷಯವೇ ಅಲ್ಲ. ಅದರ ಸುತ್ತ ನೆರೆದವರ ವಿಷಯ. ಪಂಜರದ ಕೆಲಸ ಎಷ್ಟು ಸೊಗಸಾಗಿದೆಯೆಂದರೆ ಹಕ್ಕಿಯನ್ನು ನೋಡಲು ಯಾರಿಗೂ ನೆನಪಾಗುವುದಿಲ್ಲ. ರಾಜ ವಿದ್ಯಾಶಾಲೆಯನ್ನು ತನಿಖೆ ಮಾಡಲು ಬಂದಾಗಲೂ ವಾದ್ಯಗಳ ಅಬ್ಬರದಲ್ಲಿ ಹಕ್ಕಿಯನ್ನು ನೋಡುವುದೇ ಮರೆತುಹೋಗುತ್ತದೆ. ಠಾಕೂರರ ಸಿಟ್ಟು ನೆನಪಿನ ಮೇಲಲ್ಲ. ಕಲಿಯುವ ಜೀವವನ್ನು ಒಂದು ಸಲವೂ ನೋಡದೆ ಕಲಿಸುವ ವ್ಯವಸ್ಥೆಯ ಮೇಲೆ.

ಎರಡನೆಯದು ಡಿಕನ್ಸ್ 1854ರಲ್ಲಿ ಬರೆದ ‘ಹಾರ್ಡ್ ಟೈಮ್ಸ್’. ಅದರ ಮೊದಲ ಅಧ್ಯಾಯಗಳಲ್ಲಿ ಗ್ರ್ಯಾಡ್‌ಗ್ರೈಂಡ್ ಎಂಬ ಮಹನೀಯ ತರಗತಿಗೆ ಬಂದು ಸಿಸಿ ಎಂಬ ಹುಡುಗಿಯನ್ನು ಕುದುರೆಯ ಲಕ್ಷಣವೇನೆಂದು ಕೇಳುತ್ತಾನೆ. ಅವಳ ತಂದೆ ಕುದುರೆ ಸರ್ಕಸ್ಸಿನವನು. ಅವಳು ಹುಟ್ಟಿ ಬೆಳೆದದ್ದೇ ಕುದುರೆಗಳ ನಡುವೆ. ಆದರೂ ಉತ್ತರ ಬಾಯಿಗೆ ಬರುವುದಿಲ್ಲ. ಬಿಟ್ಜರ್ ಎಂಬ ಬಿಳಿಚಿದ ಹುಡುಗ ಎದ್ದು ನಿಂತು ಕಾಲೆಷ್ಟು, ಹಲ್ಲೆಷ್ಟು ಎಂದು ಗಡಗಡನೆ ಒಪ್ಪಿಸುತ್ತಾನೆ. ಕುದುರೆಯೆಂದರೇನೆಂದು ಈಗ ನಿನಗೆ ತಿಳಿಯಿತಲ್ಲ ಎಂದು ಆ ಮಹನೀಯ ಹುಡುಗಿಯ ಕಡೆಗೆ ತಿರುಗುತ್ತಾನೆ.

ಸಾಮಾನ್ಯವಾಗಿ ನಾವು ಇಲ್ಲಿಗೆ ನಕ್ಕು ನಿಲ್ಲಿಸುತ್ತೇವೆ. ಆದರೆ ಕಾದಂಬರಿಯ ಕೊನೆಯ ಭಾಗದಲ್ಲಿ ಬಿಟ್ಜರ್ ಮತ್ತೆ ಬರುತ್ತಾನೆ. ಈಗ ಗ್ರ್ಯಾಡ್‌ಗ್ರೈಂಡನ ಮಗನೇ ಕಳ್ಳತನ ಮಾಡಿ ಸಿಕ್ಕಿಬೀಳುವಂತಿದ್ದಾನೆ. ಅವನನ್ನು ಹಿಡಿದುಕೊಡಲು ಹೊರಟವನು ಈ ಹಳೆಯ ಶಿಷ್ಯ. ನಿನಗೆ ಹೃದಯವಿಲ್ಲವೇ ಎಂದು ಮುದಿ ತಂದೆ ಅಂಗಲಾಚುತ್ತಾನೆ. ಶಿಷ್ಯ ಹೃದಯವೆಂಬ ಮಾತಿಗೂ ರಕ್ತಪರಿಚಲನೆಯ ಪಾಠವನ್ನೇ ಒಪ್ಪಿಸುತ್ತಾನೆ! ಹಾರ್ವೆ ಕಂಡುಹಿಡಿದದ್ದನ್ನು ಬಲ್ಲ ಯಾರೂ ತನಗೆ ಹೃದಯವಿರುವುದನ್ನು ಸಂಶಯಿಸಲಾರರು ಎಂಬುದು ಅವನ ಉತ್ತರದ ತಾತ್ಪರ್ಯ. ಬಿಟ್ಜರನ ನೆನಪಿನಲ್ಲಿ ದೋಷವಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೂ ಇಲ್ಲ. ಲಕ್ಷಣ ಬಂದು ವಸ್ತುವಿನ ಜಾಗದಲ್ಲಿ ಕುಳಿತುಬಿಟ್ಟಿದೆ, ಅಷ್ಟೆ. ತರಗತಿಯಲ್ಲಿ ಅದು ನಗೆಯ ವಿಷಯವಾಗಿತ್ತು. ಇಲ್ಲಿ ಅದು ಒಬ್ಬ ಮನುಷ್ಯನ ಬಾಳನ್ನೇ ಹಿಡಿದಿದೆ.

ಮೂರನೆಯ ಸಾಕ್ಷಿ ಸಾಹಿತಿಯಲ್ಲ, ವಿಜ್ಞಾನಿ. 1965ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ರಿಚರ್ಡ್ ಫೈನ್‌ಮನ್ 1951–52ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊದಲ್ಲಿ ಪಾಠ ಹೇಳಿದರು. ಆ ಅನುಭವವನ್ನು 1985ರಲ್ಲಿ ಬಂದ ತಮ್ಮ ನೆನಪುಗಳ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಯಾವ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಧ್ರುವೀಕರಣ ಹೊಂದುತ್ತದೆ ಎಂದರೆ ವಿದ್ಯಾರ್ಥಿಗಳು ತಡವರಿಸದೆ ನಿಯಮವನ್ನು ಹೇಳುತ್ತಿದ್ದರು. ಅದೇ ವಿದ್ಯಾರ್ಥಿಗಳಿಗೆ, ಕೈಯಲ್ಲಿರುವ ಪೋಲರಾಯ್ಡ್ ಹಾಳೆಯ ಮೂಲಕ ಕಿಟಕಿಯಾಚೆಗಿನ ಕೊಲ್ಲಿಯ ನೀರನ್ನು ನೋಡಿ, ಹಾಳೆಯನ್ನು ತಿರುಗಿಸಿ ಎಂದರೆ ಏನಾಗುವುದೆಂದು ತಿಳಿಯಲಿಲ್ಲ. ನೋಡಿದ ಮೇಲೆ ಆಶ್ಚರ್ಯ. ಪಾಠದಲ್ಲಿ ಹೇಳಿದ್ದ ಪ್ರತಿಫಲನವೆಂದರೆ ಎದುರಿಗೆ ಹೊಳೆಯುವ ಈ ನೀರೇ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ವರ್ಷದ ಕೊನೆಯ ಉಪನ್ಯಾಸದಲ್ಲಿ ಅವರು ಅಲ್ಲಿನ ಪಠ್ಯಪುಸ್ತಕವೊಂದನ್ನು ತೆರೆದು, ಹರಳುಗಳನ್ನು ಜಜ್ಜಿದಾಗ ಹೊಮ್ಮುವ ಬೆಳಕಿಗೆ ಕೊಟ್ಟ ದೊಡ್ಡ ಹೆಸರನ್ನೂ ಲಕ್ಷಣವನ್ನೂ ಓದಿದರು. ಇದರ ಬದಲು, ಕತ್ತಲೆಯ ಕೋಣೆಯಲ್ಲಿ ಸಕ್ಕರೆಯ ಗಟ್ಟಿಯೊಂದನ್ನು ಇಕ್ಕಳದಿಂದ ಪುಡಿಮಾಡಿದರೆ ನೀಲಿ ಮಿಂಚು ಕಾಣುತ್ತದೆ ಎಂದು ಬರೆದಿದ್ದರೆ ಯಾರಾದರೂ ಒಬ್ಬ ಹುಡುಗ ಮನೆಗೆ ಹೋಗಿ ಮಾಡಿ ನೋಡುತ್ತಿದ್ದನಲ್ಲವೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಗಿಳಿ, ಕುದುರೆ, ಸಕ್ಕರೆ. ಮೂರೂ ಹೊರನಾಡಿನ ಉದಾಹರಣೆಗಳಾದವು. ನಮ್ಮಲ್ಲಿ ಈ ಅರಿವು ಇರಲಿಲ್ಲವೇ ಎಂದು ವಾಚಕರು ಕೇಳಬಹುದು. ಇತ್ತು, ಬೇಕಾದಷ್ಟಿತ್ತು. ವೇದವನ್ನು ಪದ, ಕ್ರಮ, ಜಟೆ, ಘನವೆಂದು ಹಿಂದುಮುಂದಾಗಿ ಹೆಣೆದು, ಒಂದು ಸ್ವರವೂ ಜಾರದಂತೆ ಬಾಯಲ್ಲಿ ಕಾಪಾಡಿದ ಜನರು ನಾವು. ನೆನಪಿನ ಕಲೆಯನ್ನು ಇಷ್ಟು ದೂರ ಒಯ್ದವರು ಲೋಕದಲ್ಲಿ ವಿರಳ. ಅಂಥವರ ನಡುವೆಯೇ ಯಾಸ್ಕನ ನಿರುಕ್ತದಲ್ಲಿ ಒಂದು ಕಠಿಣವಾದ ಮಾತು ಬರುತ್ತದೆ: ವೇದವನ್ನು ಓದಿ ಅರ್ಥವನ್ನರಿಯದವನು ಹೊರೆ ಹೊತ್ತ ಕಂಬಕ್ಕೆ ಸಮಾನ. ವಿಜಯನಗರದ ಕಾಲದಲ್ಲಿ ವೇದಗಳಿಗೆ ಭಾಷ್ಯ ಬರೆದ ಸಾಯಣಾಚಾರ್ಯರ ಇಡೀ ಪರಿಶ್ರಮ ಈ ಕಂಬಕ್ಕೆ ಜೀವ ತುಂಬುವ ಪ್ರಯತ್ನವೆಂದರೆ ತಪ್ಪಾಗಲಾರದು. ನಮ್ಮ ವಚನಕಾರರೂ ಗಿಳಿಯ ಓದನ್ನು ಗೇಲಿ ಮಾಡಿದ್ದಾರೆ. ಎಷ್ಟು ಓದಿದರೇನು, ತನ್ನನ್ನು ಹಿಡಿಯಲು ಬರುವ ಬೆಕ್ಕಿನ ಸುಳಿವು ಗಿಳಿಗೆ ಸಿಕ್ಕುವುದಿಲ್ಲವಲ್ಲ!

ಈ ಎಲ್ಲರ ಮಾತಿನಲ್ಲಿ ಒಂದು ಅಂಶವನ್ನು ಗಮನಿಸಬೇಕು. ಯಾಸ್ಕನ ಗ್ರಂಥ ಹೊರೆಯನ್ನು ಇಳಿಸು ಎನ್ನುವುದಿಲ್ಲ, ಕಂಬವಾಗಬೇಡ ಎನ್ನುತ್ತದೆ. ಫೈನ್‌ಮನ್ನರು ನಿಯಮವನ್ನು ಮರೆಯಿರಿ ಎಂದವರಲ್ಲ. ಅದನ್ನು ಹಿಡಿದು ನೀರನ್ನು ನೋಡಿ ಎಂದವರು. ನೆನಪನ್ನೇ ಶತ್ರುವೆಂದವರು ಇವರಲ್ಲಿ ಒಬ್ಬರೂ ಇಲ್ಲ. ಹಾಗೆಂದು ಸಾರಿದವರು ಅವರನ್ನು ಅರ್ಧ ಓದಿದ ನಾವು.

ನೆನಪಿಗೂ ತಿಳಿವಿಗೂ ಜಗಳವಿಲ್ಲದಂತೆ ಬಾಳ್ವೆ ಮಾಡಿಸುವ ಉಪಾಯವನ್ನು ನಮ್ಮ ಹಿಂದಿನವರು ಕಂಡುಕೊಂಡಿದ್ದರು. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ತೆಗೆದುಕೊಳ್ಳಿ. ವ್ಯಾಕರಣದ ಸೂತ್ರಗಳನ್ನು ಅವನು ಕಂದಪದ್ಯಗಳಲ್ಲಿ ಕಟ್ಟಿದ. ಅದಕ್ಕೆ ವೃತ್ತಿಯನ್ನು ಗದ್ಯದಲ್ಲಿ ಬರೆದು ಪ್ರಯೋಗಗಳನ್ನು ಕೊಟ್ಟ. ಬಾಯಲ್ಲಿ ನಿಲ್ಲಬೇಕಾದದ್ದು ಪದ್ಯದಲ್ಲಿ, ಬುದ್ಧಿಗೆ ಹತ್ತಬೇಕಾದದ್ದು ಗದ್ಯದಲ್ಲಿ. ಗಮಕದಲ್ಲಿಯೂ ಹೀಗೆಯೇ: ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಎರಡೂ ಬೇಕು, ಆದರೆ ಎರಡೂ ಒಂದಲ್ಲ.

ಇದರ ಪೂರ್ಣರೂಪವನ್ನು ಕಾಣಬೇಕಾದರೆ ಕರಾವಳಿಗೋ ಮಲೆನಾಡಿಗೋ ಹೋಗಿ ತಾಳಮದ್ದಳೆಯ ಮುಂದೆ ಒಂದು ರಾತ್ರಿ ಕೂರಬೇಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅದು ಎಂದೋ ಯಾರೋ ಬರೆದಿಟ್ಟದ್ದು, ಇದ್ದಂತೆಯೇ ಹಾಡತಕ್ಕದ್ದು. ಪದ್ಯ ಮುಗಿದ ಮೇಲೆ ಅರ್ಥಧಾರಿ ಮಾತು ತೆಗೆಯುತ್ತಾನೆ. ಆ ಮಾತು ಯಾವ ಪುಸ್ತಕದಲ್ಲಿಯೂ ಇಲ್ಲ. ಎದುರಿಗೆ ಕುಳಿತ ಇನ್ನೊಬ್ಬ ಅರ್ಥಧಾರಿ ಏನು ಕೇಳುತ್ತಾನೆಂಬುದು ಇವನಿಗೆ ಮೊದಲೇ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು, ದೇರಾಜೆ ಸೀತಾರಾಮಯ್ಯನವರಂಥವರು ದೊಡ್ಡವರೆನಿಸಿದ್ದು ಪದ್ಯ ಬಾಯಿಗೆ ಬರುತ್ತಿತ್ತೆಂದಲ್ಲ. ಆ ಪದ್ಯದಿಂದ ಅವರು ಹೊರಡಿಸುತ್ತಿದ್ದ ಅರ್ಥಕ್ಕಾಗಿ. ಪದ್ಯ ಎಲ್ಲರದು, ಅರ್ಥ ಅವರವರದು. ನೆನಪು ನೆಲ, ತಿಳಿವು ನಡಿಗೆ. ನೆಲವಿಲ್ಲದೆ ನಡೆಯುವಂತಿಲ್ಲ, ನೆಲವನ್ನು ಹಿಡಿದುಕೊಂಡು ಮಲಗಿದವನನ್ನು ನಡೆದನೆನ್ನುವಂತೆಯೂ ಇಲ್ಲ.

ಈಗ ನಮ್ಮ ಕನ್ನಡ ತರಗತಿಗೆ ಬರೋಣ. ಪ್ರಶ್ನಪತ್ರಿಕೆಯಲ್ಲಿ ಪದ್ಯಭಾಗವನ್ನು ಪೂರ್ಣಗೊಳಿಸಿ ಎಂಬ ಪ್ರಶ್ನೆ ಇರುವುದುಂಟು. ಅದಕ್ಕಾಗಿ ಹುಡುಗರು ನಾಲ್ಕಾರು ಸಾಲುಗಳನ್ನು ಕಲಿಯುತ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಇನ್ನಷ್ಟು ಕಲಿತರೆ ಸಂತೋಷವೇ. ನನ್ನ ತಕರಾರು ಸಂದರ್ಭದೊಂದಿಗೆ ಸ್ವಾರಸ್ಯವನ್ನು ವಿವರಿಸಿ ಎಂಬ ಪ್ರಶ್ನೆಗೆ ಬರುವ ಉತ್ತರದ ಬಗ್ಗೆ. ಉತ್ತರಕ್ಕೆ ಮೂರು ಮೆಟ್ಟಿಲು: ಆಯ್ಕೆ, ಸಂದರ್ಭ, ಸ್ವಾರಸ್ಯ. ಈ ಮಾತನ್ನು ಯಾವ ಕವಿಯ ಯಾವ ಕೃತಿಯಿಂದ ಆರಿಸಿದೆ, ಯಾರು ಯಾರಿಗೆ ಯಾವಾಗ ಹೇಳಿದರು, ಇದರ ಸ್ವಾರಸ್ಯವೇನು. ಯೋಚಿಸಿದಷ್ಟೂ ಇದನ್ನು ಮೊದಲು ರೂಪಿಸಿದವರ ವಿವೇಕಕ್ಕೆ ತಲೆಬಾಗುವಂತಾಗುತ್ತದೆ. ಮೊದಲಿನ ಎರಡು ಸಂಗತಿಗಳು. ಅವನ್ನು ನೆನಪಿಟ್ಟುಕೊಂಡೇ ಬರೆಯಬೇಕು. ಮೂರನೆಯದು ತಿಳಿವು. ಸ್ವಾರಸ್ಯವೆಂಬ ಮಾತಿನ ಮೊದಲಿಗೇ ‘ಸ್ವ’ ಇದೆ, ಅದರ ಬೆನ್ನಿಗೆ ‘ರಸ’ವಿದೆ. ತನ್ನದಾದ ರಸವುಳ್ಳದ್ದು ಸ್ವಾರಸ್ಯ.

ಇಂಥ ಸ್ವಾರಸ್ಯವನ್ನು ನಾವು ಗೈಡಿನಲ್ಲಿ ಅಚ್ಚು ಹಾಕಿಸಿ ಮಾರುತ್ತಿದ್ದೇವೆ. ನಲವತ್ತು ಹುಡುಗರ ನಲವತ್ತು ಉತ್ತರಪತ್ರಿಕೆಗಳಲ್ಲಿ ಸ್ವಾರಸ್ಯ ಒಂದೇ, ವಾಕ್ಯ ಒಂದೇ, ಗೈಡಿನ ಅಚ್ಚಿನ ತಪ್ಪೂ ಒಂದೇ. ಪರರ ಬಾಯಲ್ಲಿ ಅಗಿದು ಬಂದದ್ದಕ್ಕೆ ರಸವೆಲ್ಲಿಯದು? ತಾಳಮದ್ದಳೆಯಲ್ಲಿ ಪದ್ಯ ನಿಂತು ಅರ್ಥ ನಡೆಯುತ್ತದೆ. ನಮ್ಮ ಶಾಲೆಯಲ್ಲಿ ಪದ್ಯ ಮರೆತುಹೋಗಿ ಅರ್ಥ ಬಾಯಿಪಾಠವಾಗುತ್ತದೆ. ನಾವು ಮಾಡಿರುವ ತಪ್ಪು ಉರು ಹೊಡೆಸಿದ್ದಲ್ಲ. ಯಾವುದನ್ನು ಉರು ಹೊಡೆಯಬಾರದೋ ಅದನ್ನು ಹೊಡೆಸಿದ್ದು.

ನನ್ನ ಋಣದ ಮಾತನ್ನು ಈಗ ಹೇಳಬೇಕು. ನಾನು ಪಾಠ ಹೇಳುತ್ತಿದ್ದ ಪ್ರೌಢಶಾಲೆಯಲ್ಲಿ ಒಂದು ವರ್ಷ ಹತ್ತನೆಯ ತರಗತಿಗೆ ಕುಮಾರವ್ಯಾಸನ ಉದ್ಯೋಗಪರ್ವದ ಭಾಗವೊಂದು ಪಾಠವಾಗಿತ್ತು. ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ಜೊತೆಗೆ ಕರೆದೊಯ್ದು, ಬಳಿಯಲ್ಲಿ ಕೂರಿಸಿಕೊಂಡು, ನೀನು ಕುಂತಿಯ ಮೊದಲ ಮಗನೆಂದು ಜನ್ಮರಹಸ್ಯವನ್ನು ಹೇಳುವ ಸಂದರ್ಭ. ರಾಜ್ಯ ನಿನ್ನದಾಗುತ್ತದೆ, ಎರಡು ಕಡೆಯವರೂ ನಿನ್ನ ಓಲಗದಲ್ಲಿ ನಿಲ್ಲುತ್ತಾರೆ ಎಂಬ ಆಸೆಯನ್ನೂ ತೋರಿಸುತ್ತಾನೆ. ಕರ್ಣನ ಕೊರಳು ಬಿಗಿಯುತ್ತದೆ. ಇದರಿಂದ ನೀನು ನನ್ನ ಒಡೆಯನನ್ನೇ ಕೊಂದೆ ಎಂಬರ್ಥದ ಮಾತನ್ನಾಡುತ್ತಾನೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಆ ಮಾತಿನ ಸ್ವಾರಸ್ಯವನ್ನು ನಾನೇ ಕೇಳಿದ್ದೆ. ಬಂದ ಉತ್ತರಗಳಲ್ಲೆಲ್ಲ ಕರ್ಣನ ಸ್ವಾಮಿನಿಷ್ಠೆ ವ್ಯಕ್ತವಾಗಿತ್ತು. ಗೈಡಿನಲ್ಲಿಯೂ ವ್ಯಕ್ತವಾಗಿದ್ದದ್ದು ಅದೇ.

ಒಬ್ಬ ಹುಡುಗಿ ಮಾತ್ರ ಬೇರೆ ಬರೆದಿದ್ದಳು. ಅಕ್ಷರ ದುಂಡಗಿರಲಿಲ್ಲ, ಒತ್ತು ದೀರ್ಘಗಳ ತಪ್ಪುಗಳಿದ್ದವು. ಅವಳ ಉತ್ತರದ ಸಾರ ಇಷ್ಟು: ಕೃಷ್ಣನಿಗೆ ಈ ಗುಟ್ಟು ಮೊದಲೇ ಗೊತ್ತಿತ್ತು, ಕರ್ಣನನ್ನು ಎಲ್ಲರೂ ಸೂತನ ಮಗನೆಂದು ಹೀಯಾಳಿಸಿದಾಗ ಯಾರೂ ಹೇಳಲಿಲ್ಲ, ಅವನಿಂದ ಕೆಲಸವಾಗಬೇಕಾದ ದಿನ ಹೇಳಿದರು, ಆದ್ದರಿಂದ ಅದು ಪ್ರೀತಿಯಿಂದ ಹೇಳಿದ ನಿಜವಲ್ಲ, ಕೊಲ್ಲುವುದಕ್ಕೆ ಹೇಳಿದ ನಿಜ. ನಾನು ಮೂರಕ್ಕೆ ಒಂದೂವರೆ ಅಂಕ ಕೊಟ್ಟೆ. ಆಯ್ಕೆಯೂ ಸಂದರ್ಭವೂ ಸರಿಯಾಗಿದ್ದವು. ಸ್ವಾರಸ್ಯದಲ್ಲಿ ಸ್ವಾಮಿನಿಷ್ಠೆಯೆಂಬ ಪದ ಇರಲಿಲ್ಲ.

ಪತ್ರಿಕೆಗಳನ್ನು ಹಂಚಿದ ದಿನ ಅವಳು ಮೇಜಿನ ಬಳಿಗೆ ಬಂದಳು. ಅಂಕ ಕೇಳಲು ಬಂದವಳಲ್ಲ.

“ಸಾರ್, ಇದರಲ್ಲಿ ತಪ್ಪೇನಿದೆ?” ಎಂದಳು.

“ತಪ್ಪಿಲ್ಲಮ್ಮ, ಆದರೆ ಪರೀಕ್ಷೆಯಲ್ಲಿ ಹೀಗೆಲ್ಲ ಬರೆಯಬಾರದು” ಎಂದೆ.

ವಾರ್ಷಿಕ ಪರೀಕ್ಷೆಗೆ ಮೊದಲು ನಡೆದ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಮತ್ತೆ ಬಂತು. ಈ ಸಲ ಅವಳು ಕರ್ಣನ ಸ್ವಾಮಿನಿಷ್ಠೆಯನ್ನು ದುಂಡಗಿನ ಅಕ್ಷರದಲ್ಲಿ, ಒಂದು ತಪ್ಪೂ ಇಲ್ಲದೆ ಬರೆದಿದ್ದಳು. ಮೂರಕ್ಕೆ ಮೂರು ಕೊಟ್ಟೆ. ಕೊಡುವಾಗ ನನಗೆ ಏನೂ ಅನ್ನಿಸಲಿಲ್ಲವೆಂಬುದೇ ಇಂದು ನನ್ನನ್ನು ಬಾಧಿಸುವ ಸಂಗತಿ.

ಕೆಲವು ವರ್ಷಗಳ ಮೇಲೆ ನೆಂಟರೊಬ್ಬರ ಊರಿನಲ್ಲಿ ಕರ್ಣಭೇದನದ ತಾಳಮದ್ದಳೆ ಕೇಳಿದೆ. ಕರ್ಣನ ಅರ್ಥ ಹೇಳುತ್ತಿದ್ದವರು ಕೃಷ್ಣನ ಅರ್ಥಧಾರಿಯ ಕಡೆಗೆ ತಿರುಗಿ, ಈ ಬಾಂಧವ್ಯ ಇಷ್ಟು ದಿನ ಎಲ್ಲಿ ಅಡಗಿತ್ತು ಸ್ವಾಮಿ ಎಂದು ಶುರುಮಾಡಿದರು. ಮುಕ್ಕಾಲು ಗಂಟೆ ಅದೊಂದೇ ಪ್ರಶ್ನೆಯನ್ನು ಹಿಡಿದು ಎಳೆದರು. ಕೃಷ್ಣನಾದವರೂ ಸೋಲಲಿಲ್ಲ, ಮೊದಲೇ ಹೇಳಿದ್ದರೆ ನೀನು ಕರ್ಣನಾಗುತ್ತಿರಲಿಲ್ಲ, ಆರನೆಯವನಾಗುತ್ತಿದ್ದೆ ಎಂದು ತಿರುಗೇಟು ಕೊಟ್ಟರು. ಸಭೆ ತಲೆದೂಗಿತು. ನಾನೊಬ್ಬ ಮಾತ್ರ ತಲೆ ತಗ್ಗಿಸಿದ್ದೆ. ಹತ್ತನೆಯ ತರಗತಿಯ ಹುಡುಗಿ ಕೇಳಿದ್ದ ಪ್ರಶ್ನೆಗೆ ಊರಿನ ಗದ್ದೆ ತೋಟದ ಜನ ಚಪ್ಪಾಳೆ ತಟ್ಟುತ್ತಿದ್ದರು. ಕನ್ನಡದ ಉಪಾಧ್ಯಾಯ ಅದಕ್ಕೆ ಒಂದೂವರೆ ಅಂಕ ಕಳೆದಿದ್ದ.

ಇದಕ್ಕೆ ಎದುರು ಮಾತುಗಳಿಲ್ಲದೆ ಇಲ್ಲ. ಮೊದಲನೆಯದು ನ್ಯಾಯದ ಪ್ರಶ್ನೆ. ಸಾವಿರಾರು ಪತ್ರಿಕೆಗಳನ್ನು ನೂರಾರು ಮಂದಿ ತಿದ್ದುವಾಗ ಮಾದರಿ ಉತ್ತರವಿಲ್ಲದೆ ನಡೆಯುವುದೇ? ತಿದ್ದುವವನ ರುಚಿಗೆ ಹುಡುಗನ ಭವಿಷ್ಯವನ್ನು ಒಪ್ಪಿಸಬಹುದೇ? ಈ ಆಕ್ಷೇಪಣೆ ಹಗುರವಾದದ್ದಲ್ಲ. ಆದರೆ ಇದಕ್ಕೆ ಪರಿಹಾರ ಆ ಪ್ರಶ್ನೆಯೊಳಗೇ ಇದೆ. ಆಯ್ಕೆಗೂ ಸಂದರ್ಭಕ್ಕೂ ಮಾದರಿ ಇರಲಿ, ಕಟ್ಟುನಿಟ್ಟಾಗಿರಲಿ. ಸ್ವಾರಸ್ಯಕ್ಕೆ ಮಾತ್ರ, ಹುಡುಗ ಹೇಳಿದ್ದಕ್ಕೆ ಪದ್ಯದಲ್ಲಿ ಆಧಾರವಿದೆಯೇ ಎಂದು ನೋಡಿದರೆ ಸಾಕು. ನಮ್ಮ ಅಭಿಪ್ರಾಯದೊಡನೆ ಹೊಂದುತ್ತದೆಯೇ ಎಂದು ನೋಡುವುದು ಬೇಡ. ತಾಳಮದ್ದಳೆಯ ಕಟ್ಟೂ ಇದೇ: ಏನನ್ನಾದರೂ ಹೇಳು, ಪದ್ಯವನ್ನು ಬಿಟ್ಟು ಹೋಗಬೇಡ.

ಎರಡನೆಯ ಮಾತು ಈ ಕಾಲದ್ದು. ಕೇಳಿದ್ದನ್ನೆಲ್ಲ ಕೈಯಲ್ಲಿರುವ ಫೋನು ಹೇಳುವಾಗ ಏನನ್ನಾದರೂ ಏಕೆ ನೆನಪಿಡಬೇಕು, ಮಕ್ಕಳಿಗೆ ತಿಳಿವನ್ನಷ್ಟೇ ಕೊಡೋಣ ಎನ್ನುವವರಿದ್ದಾರೆ. ಪ್ರೊ. ಯಶಪಾಲರ ಅಧ್ಯಕ್ಷತೆಯ ಸಮಿತಿ 1993ರ ತನ್ನ ವರದಿಯಲ್ಲಿ ಪುಸ್ತಕದ ಚೀಲದ ಭಾರಕ್ಕಿಂತ ಅರ್ಥವಾಗದಿರುವುದರ ಭಾರ ಹೆಚ್ಚು ಕೆಟ್ಟದ್ದೆಂದು ತೋರಿಸಿಕೊಟ್ಟಿತು. ಯಾಸ್ಕನ ಕಂಬದ ನೆನಪು ತರುವ ಮಾತು ಅದು. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟೂ ಕಲಿಕೆಯನ್ನು ಕಂಠಪಾಠದಿಂದ ಬಿಡಿಸಬೇಕೆಂದಿತು. ಇವೆಲ್ಲ ಸರಿಯಾದ ಮಾತುಗಳೇ. ಆದರೆ ಇವನ್ನು ಹಿಡಿದು, ಇನ್ನು ಮೇಲೆ ಪದ್ಯವೂ ಬೇಡ, ಮಗ್ಗಿಯೂ ಬೇಡ ಎಂದು ಹೊರಟರೆ ನೆಲವನ್ನು ಕಿತ್ತು ನಡಿಗೆಯನ್ನು ಕಲಿಸಿದಂತಾಗುತ್ತದೆ. ಕರ್ಣನನ್ನು ಹಿಂದೆ ಜನ ಹೀಯಾಳಿಸಿದ್ದು ನೆನಪಿದ್ದುದರಿಂದಲೇ ಆ ಹುಡುಗಿಗೆ ತನ್ನ ಪ್ರಶ್ನೆ ಹೊಳೆಯಿತು. ಪೆಟ್ಟಿಗೆಯಲ್ಲಿರುವುದು ಬೇಕೆಂದಾಗ ಸಿಕ್ಕೀತು; ಮನಸ್ಸಿನಲ್ಲಿರುವುದು ಮಾತ್ರ, ನಾವು ಕರೆಯದಿದ್ದಾಗಲೂ ಬಂದು ಇನ್ನೊಂದರ ಪಕ್ಕದಲ್ಲಿ ಕೂರುತ್ತದೆ. ತಿಳಿವು ಹುಟ್ಟುವುದು ಆ ನೆರೆಯಲ್ಲಿ. ಫೋನಿನೊಳಗಿನ ಕರ್ಣಪರ್ವ ಫೋನಿನೊಳಗಿನ ಉದ್ಯೋಗಪರ್ವದೊಡನೆ ತಾನಾಗಿ ಮಾತಾಡುವುದಿಲ್ಲ.

ಮೂರನೆಯ ಆಕ್ಷೇಪಣೆಯನ್ನು ತಂದೆತಾಯಿಗಳು ಎತ್ತುತ್ತಾರೆ. ನಮ್ಮ ಮಗುವಿಗೆ ಮೊದಲು ಅಂಕ ಬರಲಿ, ಸ್ವಾರಸ್ಯವನ್ನು ಆಮೇಲೆ ಜೀವನದಲ್ಲಿ ನೋಡಿಕೊಳ್ಳುತ್ತದೆ ಎನ್ನುತ್ತಾರೆ. ಅವರನ್ನು ನಾನು ದೂರಲಾರೆ. ಅಂಕಕ್ಕೆ ಸೀಟಿನ ಬೆಲೆಯನ್ನು ಕಟ್ಟಿದವರು ಅವರಲ್ಲ. ಆದರೆ ಬಿಟ್ಜರನನ್ನು ಒಮ್ಮೆ ನೆನೆಯಲಿ ಎಂದು ಬೇಡಿಕೊಳ್ಳುತ್ತೇನೆ. ಅವನಿಗೂ ಎಲ್ಲ ಅಂಕಗಳೂ ಬಂದಿದ್ದವು. ಪರರ ಮಾತನ್ನು ತನ್ನದೆಂದು ಒಪ್ಪಿಸುವ ಅಭ್ಯಾಸ ಹದಿನೈದನೆಯ ವಯಸ್ಸಿನಲ್ಲಿ ಗಟ್ಟಿಯಾದರೆ ಇಪ್ಪತ್ತೈದರಲ್ಲಿ ತಾನಾಗಿ ಕಳಚುವುದಿಲ್ಲ. ಅಂಥವನ ಎದುರು ನಿಂತು ನಾಳೆ ನಾವು ಹೃದಯವಿದೆಯೇ ಎಂದು ಕೇಳುವ ಸಂದರ್ಭ ಬಂದರೆ, ಆ ಉತ್ತರವನ್ನೂ ಅವನು ಎಲ್ಲೋ ಅಚ್ಚಾದದ್ದರಿಂದಲೇ ಒಪ್ಪಿಸಿಯಾನು.

ಆ ಹುಡುಗಿ ಈಗ ಎಲ್ಲಿದ್ದಾಳೋ ನನಗೆ ತಿಳಿಯದು. ಅವಳು ಈ ಪತ್ರಿಕೆಯನ್ನು ಓದುವವಳಾಗಿದ್ದರೆ ಹೇಳಬೇಕಾದದ್ದು ಇಷ್ಟೆ. ಅಮ್ಮಾ, ನಿನ್ನ ಮೊದಲನೆಯ ಉತ್ತರದಲ್ಲಿ ಆಯ್ಕೆ ಸರಿಯಾಗಿತ್ತು, ಸಂದರ್ಭ ಸರಿಯಾಗಿತ್ತು, ಸ್ವಾರಸ್ಯವಂತೂ ಆ ಕಟ್ಟಿನಲ್ಲಿ ನಿನ್ನದೊಂದರಲ್ಲೇ ಇತ್ತು. ಮೂರಕ್ಕೆ ಮೂರು. ತಿದ್ದಲು ತಡವಾಯಿತು.